ಕೌದಿಯೊಳಗೊಂದು ಅರ್ಕಾವೊತ್ತು

ಮಹಾನವಮಿಗೆ ಇನ್ನು ವಾರ ಹತ್ತು ದಿನ ಇದೆ ಎನ್ನುವಾಗ ಶಾಮನೂರಿನ ಭದ್ರಾ ಕಾಲುವೆಯ ದಂಡೆ ನೋಡಬೇಕು. ಮನೆಯಲ್ಲಿ ಅರಿವೆ ಎನ್ನುವುದು ಏನೇನಿದೆಯೋ ಅಷ್ಟೂ ಅಲ್ಲಿಗೆ ಬರುತ್ತದೆ. ಆಟೋದಲ್ಲಿ, ಬೈಕಿನ ಟ್ಯಾಂಕಿನ ಮೇಲೆ, ತಲೆಯ ಮೇಲೆ. ಹಾಸಿಗೆ, ಜಮಖಾನ, ಕಂಬಳಿ, ಬಾಗಿಲ ಪರದೆ. ಊರು ದಾವಣಗೆರೆಯೊಳಗೆ ಕರಗಿ, ಬಡಾವಣೆಗಳ ನಡುವೆ ಒಂದು ಹೆಸರಾಗಿ ಉಳಿದು ಎಷ್ಟೋ ವರ್ಷವಾಯಿತು. ವಾಷಿಂಗ್ ಮೆಷಿನ್ ಇಲ್ಲದ ಮನೆ ಕಡಿಮೆ. ಆದರೆ ಕೌದಿ ಮಾತ್ರ ಇದುವರೆಗೆ ಯಾವ ಮೆಷಿನ್ನಿಗೂ ಬಗ್ಗಿಲ್ಲ. ನೀರು ಕುಡಿದ ಕೌದಿ ಎಮ್ಮೆಕರುವಿನಷ್ಟು ಭಾರ. ಅದನ್ನು ಹಿಂಡಲು ಇಬ್ಬರು ಬೇಕು. ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುವಬೇಕು.

ಹಾಗೆ ಅವ್ವನೂ ನಾನೂ ತಿರುವುತ್ತಿದ್ದಾಗಲೇ ಕೌದಿಯ ಅಡಿಭಾಗದಲ್ಲಿ ಸವೆದ ಒಂದು ತೇಪೆ ಹಿಸಿಯಿತು. ಒಳಗಿನಿಂದ ಕೆಂಪು ಬಟ್ಟೆ ಇಣುಕಿತು. ಕೆಂಪಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಕ್ಷರ, ಅದೂ ತಲೆಕೆಳಗಾಗಿ.

‘ಅವ್ವಾ, ಇದೇನಿದು ಅಕ್ಷರ?’

‘ಎಲ್ಲೈತಿ? ಓ ಅದಾ. ನಿಮ್ ದೊಡ್ಡಪ್ಪ ತಂದಿದ್ದ ಬ್ಯಾನರ್ ಅರಿವೆ ಇರ್ಬೇಕು. ಗಟ್ಟಿ ಐತಿ ಅಂತ ಒಳಗೆ ಹಾಕ್ದೆ.’

‘ಏನ್ ಬರ್ದಿತ್ತು ಅದ್ರಾಗೆ?’

‘ನಂಗೆ ಓದಾಕ್ ಬಂದಿದ್ರೆ ಕೌದಿ ಯಾಕ್ ಹೊಲೀತಿದ್ದೆ? ಹಿಂಡು ಮೊದ್ಲು. ತುದಿ ಬಿಡಬ್ಯಾಡ.’

ತುದಿ ಬಿಡಲಿಲ್ಲ. ಆದರೆ ಕತ್ತು ತಿರುಗಿಸಿ ಓದಿಕೊಂಡೆ. ಒಂದು ‘ಮಿ’. ಅದರ ಬೆನ್ನಿಗೆ ಅಂಟಿದಂತೆ ಒಂದು ಅರ್ಕಾವೊತ್ತು. ಎಡಕ್ಕೂ ಬಲಕ್ಕೂ ಕತ್ತರಿ ಆಡಿತ್ತು. ಹಿಂದಿನ ಅಕ್ಷರ ಇಲ್ಲ, ಮುಂದಿನದೂ ಇಲ್ಲ.

ದೊಡ್ಡಪ್ಪ ಮಿಲ್ಲಿನವನು. ಹಾಗಾಗಿ ಮೊದಲು ಹೊಳೆದದ್ದು ‘ಕಾರ್ಮಿಕ’. ಕೆಂಪು ಬಟ್ಟೆ, ಬಿಳಿ ಅಕ್ಷರ, ಮಿಲ್ಲಿನ ಮನುಷ್ಯ, ಬೇರೆ ಇನ್ನೇನಿರುತ್ತದೆ? ಕೌದಿಯನ್ನು ದಂಡೆಯ ಕಲ್ಲಿನ ಮೇಲೆ ಹರವಿ ಕೂತಾಗ ಎರಡನೆಯದು ಹೊಳೆಯಿತು. ‘ಧಾರ್ಮಿಕ’. ದೊಡ್ಡಪ್ಪ ದುಗ್ಗಮ್ಮನ ಜಾತ್ರೆಗೂ ಓಡಾಡುತ್ತಿದ್ದವನು, ಊರ ಆಂಜನೇಯನ ಕಾರ್ಯಗಳಲ್ಲೂ ಮುಂದೆ ಇರುತ್ತಿದ್ದವನು. ಧಾರ್ಮಿಕ ಸಭೆಯ ಬ್ಯಾನರನ್ನೂ ಕೆಂಪು ಬಟ್ಟೆಯ ಮೇಲೆ ಬರೆಸುವುದಿತ್ತು. ಒಂದೇ ಒಂದು ಅಕ್ಷರದ ಮೇಲೆ ನಿಂತಿದೆ ಇಡೀ ಮಾತು. ಆ ಅಕ್ಷರವನ್ನು ಅವ್ವ ಎಂದೋ ಕತ್ತರಿಸಿ ಇನ್ನೆಲ್ಲಿಗೋ ಹಾಕಿದ್ದಾಳೆ. ಇದೇ ಕೌದಿಯ ಇನ್ನೊಂದು ಮೂಲೆಗಿರಬಹುದು. ದಿಂಬಿಗೆ ಹೋಗಿರಬಹುದು. ಸಂತೆಯ ಚೀಲವಾಗಿ ಹರಿದು ಮುಗಿದಿರಲೂಬಹುದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಒಂದಿತ್ತು. ಈಗ ಬೆಣ್ಣೆದೋಸೆಯ ಊರು ಎನ್ನುತ್ತಾರೆ. 1930ರ ದಶಕದಿಂದ ಇಲ್ಲಿ ಹತ್ತಿಯ ಗಿರಣಿಗಳು ಒಂದರ ಹಿಂದೊಂದು ಎದ್ದವು. ಡಿಸಿಎಂ ಎಂದು ಕರೆಯುತ್ತಿದ್ದ ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಗಣೇಶರ್ ಮಿಲ್, ಆಂಜನೇಯ ಮಿಲ್, ತೋಳಹುಣಸೆಯ ಯಲ್ಲಮ್ಮ ಮಿಲ್. ಊರಿಗೆ ಗಡಿಯಾರ ಬೇಕಿರಲಿಲ್ಲ, ಪಾಳಿ ಬದಲಾಗುವ ಸೈರನ್ ಸಾಕಿತ್ತು. ಸ್ಪಿನ್ನಿಂಗ್ ಖಾತೆಯವರು ಮನೆಗೆ ಬಂದರೆ ಹುಬ್ಬು, ಕಿವಿ, ಮೂಗಿನ ಹೊಳ್ಳೆಯಲ್ಲೆಲ್ಲ ಹತ್ತಿಯ ನಾರು. ಮಿಲ್ಲಿನ ಮಂದಿ ಎಷ್ಟಿದ್ದರು ಎಂಬುದನ್ನು ಮತಪೆಟ್ಟಿಗೆಯೂ ಹೇಳಿತು. ಕಾರ್ಮಿಕ ನಾಯಕ, ಸಿಪಿಐನ ಪಂಪಾಪತಿ 1978, 1983, 1985ರ ಮೂರು ವಿಧಾನಸಭಾ ಚುನಾವಣೆಗಳನ್ನು ಈ ಊರಿನಿಂದ ಗೆದ್ದರು. ಆಮೇಲೆ ಮಿಲ್ಲುಗಳು ಒಂದೊಂದಾಗಿ ನಿಂತವು. ಡಿಸಿಎಂ ಎಂದರೆ ಇಂದಿನ ಹುಡುಗರಿಗೆ ಒಂದು ಬಡಾವಣೆ, ರೈಲ್ವೆ ಕೆಳಸೇತುವೆ. ಮಳೆ ಬಂದರೆ ನೀರು ನಿಲ್ಲುವ ಜಾಗ.

ಆ ಕಾಲದ ಬ್ಯಾನರುಗಳು ಎಷ್ಟು ಇದ್ದಿರಬಹುದು! ಮೆರವಣಿಗೆಗೆ ಒಂದು, ಗೇಟಿನ ಮುಂದೆ ಧರಣಿಗೆ ಒಂದು, ಮೇ ದಿನಕ್ಕೆ ಒಂದು. ಎರಡೂ ಬದಿ ಬಿದಿರು ತೂರಿಸಲು ಬಟ್ಟೆಯನ್ನು ಮಡಿಸಿ ಹೊಲಿದ ಕೊಳವೆ. ರಸ್ತೆಗೆ ಅಡ್ಡ ಕಟ್ಟುವುದಾದರೆ ನಡುನಡುವೆ ಅರ್ಧಚಂದ್ರದಂತೆ ಕತ್ತರಿಸಿದ ಕಿಂಡಿ. ಆ ಕಿಂಡಿ ಇಲ್ಲದಿದ್ದರೆ ಗಾಳಿ ಬ್ಯಾನರನ್ನು ಹಾಯಿ ಮಾಡಿಕೊಂಡು ಕಂಬವನ್ನೇ ಕಿತ್ತುಬಿಡುತ್ತದೆ. ಬರೆಯುವವನು ಮೊದಲು ಸೀಮೆಸುಣ್ಣದಲ್ಲಿ ಎರಡು ಗೆರೆ ಹೊಡೆದು, ಅಕ್ಷರ ಎಣಿಸಿ, ಕೊನೆಗೆ ಜಾಗ ಸಾಲದೆ ‘ಸಂಘ’ವನ್ನು ಇಕ್ಕಟ್ಟಿಗೆ ತಳ್ಳುತ್ತಿದ್ದ. ಕಾರ್ಯಕ್ರಮ ಮುಗಿದ ರಾತ್ರಿಯೇ ಬಟ್ಟೆಗೆ ಜನ ಕಾಯುತ್ತಿದ್ದರು. ಚುನಾವಣೆ ಮುಗಿದ ಮರುದಿನವಂತೂ ಮೊದಲು ಎದ್ದವನಿಗೆ ಮೊದಲ ಬ್ಯಾನರು. ಪಕ್ಷ ಯಾವುದಾದರೇನು, ಅರಿವೆ ಅರಿವೆಯೇ. ಅಭ್ಯರ್ಥಿಯ ಹೆಸರು ಮುಕುಳಿಯ ಮೇಲಿರುವ ಚಡ್ಡಿ ತೊಟ್ಟು ಶಾಲೆಗೆ ಹೋದ ಗೆಳೆಯ ನನಗೇ ಇದ್ದ. ಹೀಗೆ ಆ ಬ್ಯಾನರುಗಳು ಹೋದವು. ಯಾರೂ ಅವನ್ನು ಎಸೆಯಲಿಲ್ಲ, ಯಾರೂ ಎತ್ತಿಡಲೂ ಇಲ್ಲ.

ನಿಜವಾದ ಮ್ಯಾಂಚೆಸ್ಟರಿನಲ್ಲಿ ಎತ್ತಿಟ್ಟಿದ್ದಾರೆ. ಅಲ್ಲಿ ಇರ್ವೆಲ್ ನದಿಯ ದಂಡೆಯಲ್ಲಿ, ಹಳೆಯ ನೀರೊತ್ತುವ ಪಂಪುಮನೆಯೊಂದರಲ್ಲಿ ‘ಪೀಪಲ್ಸ್ ಹಿಸ್ಟರಿ ಮ್ಯೂಸಿಯಂ’ ಇದೆ. ಕಾರ್ಮಿಕ ಸಂಘಗಳ, ಮೆರವಣಿಗೆಗಳ ಬ್ಯಾನರುಗಳೇ ಅಲ್ಲಿ 400ಕ್ಕೂ ಹೆಚ್ಚು. 1821ರಲ್ಲಿ ಲಿವರ್‌ಪೂಲಿನ ತಗಡು ಕೆಲಸಗಾರರು ಹಿಡಿದು ನಡೆದ ಬ್ಯಾನರೂ ಅದರಲ್ಲಿದೆ. ಉಳಿದಿರುವ ಕಾರ್ಮಿಕ ಸಂಘದ ಬ್ಯಾನರುಗಳಲ್ಲೆಲ್ಲ ಅದೇ ಹಳೆಯದಂತೆ. ಅದಕ್ಕೂ ಹಿಂದಿನ ಬಾವುಟವೊಂದು, ಕಾರ್ಮಿಕ ಸಂಘದ್ದಲ್ಲ, 1819ರದ್ದು, ಪಕ್ಕದ ರಾಕ್‌ಡೇಲಿನ ಸಂಗ್ರಹದಲ್ಲಿದೆ. ಅದರ ಕತೆ ಬೇರೆಯೇ. ಆ ವರ್ಷ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿಗೆ ಸುಮಾರು 60,000 ಜನ ಸೇರಿದ್ದರು. ಮಿಡಲ್‌ಟನ್ ಎಂಬ ಊರಿನವರು ನೇಕಾರ ಸ್ಯಾಮ್ಯುಯೆಲ್ ಬ್ಯಾಮ್‌ಫರ್ಡನ ಹಿಂದೆ ರೇಷ್ಮೆಯ ಬಾವುಟ ಹಿಡಿದು ನಡೆದು ಬಂದರು. ಕುದುರೆ ಸವಾರರು ಜನರ ಮೇಲೆ ನುಗ್ಗಿ ಕತ್ತಿ ಬೀಸಿದರು. ಸತ್ತವರು 15ಕ್ಕೂ ಹೆಚ್ಚು. ಹಸಿರು ಬಾವುಟ ಹಿಡಿದಿದ್ದವನ ಹೆಗಲಿಗೆ ಕತ್ತಿ ಬಿತ್ತೆಂದು ಬ್ಯಾಮ್‌ಫರ್ಡನೇ ಬರೆದಿಟ್ಟಿದ್ದಾನೆ. ಆ ಹಸಿರು ರೇಷ್ಮೆ ಇನ್ನೂ ಇದೆ. ಇನ್ನೂರು ವರ್ಷವಾದ ಮೇಲೆ, 2019ರಲ್ಲಿ, ಮ್ಯಾಂಚೆಸ್ಟರಿಗೆ ಬಂದು ಜನರ ಕಣ್ಣಿಗೆ ಬಿತ್ತು.

ಹೆಗಲಿಗೆ ಏಟು ಬಿದ್ದ ಮನುಷ್ಯ ಮಣ್ಣಾದ. ಏಟು ಹಾಕಿದ ಕತ್ತಿ ಎಲ್ಲೋ ತುಕ್ಕು ಹಿಡಿಯಿತು. ಹುಳುವಿನ ಬಾಯಿಂದ ಬಂದ ನೂಲು ಉಳಿಯಿತು. ಇದನ್ನು ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಅರಿವೆಯಷ್ಟು ಬೇಗ ಸಾಯುವ ವಸ್ತು ಮನೆಯಲ್ಲಿ ಬೇರೆ ಇಲ್ಲ. ಬಿಸಿಲು ಅದರ ಮೊದಲ ವೈರಿ. ಹತ್ತಿಯ ಒಂದೊಂದು ಎಳೆಯೂ ಸಾವಿರಾರು ಸಕ್ಕರೆಯ ಕಣಗಳು ಕೈಕೈ ಹಿಡಿದು ನಿಂತ ಸಾಲು. ಅದಕ್ಕೆ ಸೆಲ್ಯುಲೋಸ್ ಎನ್ನುತ್ತಾರೆ. ಬೆಳಕು, ಗಾಳಿ, ಹುಳಿ ಸೇರಿ ಆ ಕೈಗಳನ್ನು ಅಲ್ಲಲ್ಲಿ ಬಿಡಿಸುತ್ತವೆ. ಬಿಟ್ಟ ಕೈ ಮತ್ತೆ ಕೂಡುವುದಿಲ್ಲ. ಹರಿಹರದ ಹೊಳೆಯಾಚೆ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರ ಬೇಯಿಸಿ ತೆಗೆಯುವುದೂ ಇದೇ ಸೆಲ್ಯುಲೋಸನ್ನು. ಮುಂದೆ ಅದು ರೇಯಾನ್ ನೂಲಾಗುತ್ತದೆ. ಹೊಲದ ಹತ್ತಿ, ಕಾಡಿನ ಮರ, ಮೈಮೇಲಿನ ಅಂಗಿ, ಎಲ್ಲದರ ಒಳಗೂ ಒಂದೇ ಸಾಲು ಎಂದು ತಿಳಿದಾಗ ಹಿಗ್ಗೂ ಆಗುತ್ತದೆ, ಯಾಕೋ ಸ್ವಲ್ಪ ದಿಗಿಲೂ ಆಗುತ್ತದೆ.

ರೇಷ್ಮೆಯ ಸಂಕಟ ಇನ್ನೂ ವಿಚಿತ್ರ. ಗೂಡಿನ ನೂಲಿಗೆ ಅಂಟಿರುವ ಗೋಂದನ್ನು ಬೇಯಿಸಿ ತೆಗೆದರೆ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯುತ್ತದೆ. ತೂಕದ ಲೆಕ್ಕದಲ್ಲಿ ಮಾರುವವರಿಗೆ ಅದು ನಷ್ಟ. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ತವರದ ಲವಣಗಳಲ್ಲಿ ರೇಷ್ಮೆಯನ್ನು ಅದ್ದಿ ತೂಕ ತುಂಬುತ್ತಿದ್ದರು. ಅಂಗಡಿಯಲ್ಲಿ ಆ ಬಟ್ಟೆ ಸರಸರ ಸದ್ದು ಮಾಡುತ್ತ ಭರ್ಜರಿಯಾಗಿ ಕಾಣುತ್ತಿತ್ತು. ಐವತ್ತು ನೂರು ವರ್ಷ ಕಳೆದರೆ ಒಣಗಿದ ಬಾಳೆಎಲೆಯ ಹಾಗೆ ಉದ್ದುದ್ದ ಸೀಳುತ್ತದೆ. ಬ್ಯಾನರುಗಳಿಗೆ ಇನ್ನೊಂದು ಕಾಟ, ಬಣ್ಣದ್ದು. ಲಂಡನ್ನಿನ ಜಾರ್ಜ್ ಟುಟಿಲ್ ಎಂಬಾತ 1837ರಲ್ಲಿ ಶುರು ಮಾಡಿದ ಕಂಪನಿ ಇಂಗ್ಲೆಂಡಿನ ಬಹುಪಾಲು ಕಾರ್ಮಿಕ ಸಂಘಗಳಿಗೆ ಬ್ಯಾನರು ಮಾಡಿಕೊಡುತ್ತಿತ್ತು. ಬಣ್ಣ ಮಡಿಕೆಯಲ್ಲಿ ಒಡೆಯಬಾರದೆಂದು ರೇಷ್ಮೆಗೆ ಮೊದಲು ರಬ್ಬರಿನ ಲೇಪ ಕೊಡುವ ಉಪಾಯವನ್ನು ಆತ 1861ರಲ್ಲಿ ಪೇಟೆಂಟ್ ಮಾಡಿಸಿದ. ಬಣ್ಣ ಹೇಗೋ ಏನೋ, ಅವನ ಕಸುಬಿನ ಹಮ್ಮು ನನಗೆ ಹಿಡಿಸಿತು. ಮಳೆಗಾಳಿಗೆ ಹಿಡಿಯುವ ಬಟ್ಟೆಯನ್ನು ನೂರು ವರ್ಷಕ್ಕೆಂದು ಮಾಡಿದ್ದಾನಲ್ಲ!

ಮ್ಯಾಂಚೆಸ್ಟರಿನಲ್ಲಿ ಬಟ್ಟೆಯನ್ನು ಉಳಿಸುವವರಿಗೇ ಒಂದು ಕೋಣೆಯಿದೆ, ಅವರು ಕೆಲಸ ಮಾಡುವುದನ್ನು ಕಿಟಕಿಯಿಂದ ನೋಡಬಹುದು. ಇಂಥ ಬಟ್ಟೆಯ ಆರೈಕೆಯ ರೀತಿ ನಮ್ಮ ಅಡುಗೆಮನೆಯ ಹೆಂಗಸರಿಗೆ ಹೇಳಿದರೆ ಅರ್ಧಕ್ಕೆ ತಲೆದೂಗುತ್ತಾರೆ, ಅರ್ಧಕ್ಕೆ ನಗುತ್ತಾರೆ. ಬಟ್ಟೆಯ ಮೇಲೆ ಸಣ್ಣ ಬಲೆ ಹಾಸಿ, ಬಲೆಯ ಮೇಲಿಂದ ಮೆಲ್ಲಗೆ ದೂಳು ಹೀರುವುದು. ಹುಳು ಬಿದ್ದಿರುವ ಶಂಕೆ ಇದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ದಿನ ಇಡುವುದು. ಮಡಿಸುವ ಮಾತೇ ಇಲ್ಲ. ಎರಡು ಕೈ ಕೂಡಿಸಿದರೂ ಹಿಡಿಯದಷ್ಟು ದಪ್ಪನೆಯ ಕೊಳವೆಗೆ, ಹುಳಿಯಿಲ್ಲದ ತೆಳುಕಾಗದ ನಡುವೆ ಹಾಕುತ್ತ ಹಾಕುತ್ತ ಸುತ್ತುವುದು. ಅದೂ ಬಣ್ಣದ ಮೈ ಹೊರಗೆ ಬರುವ ಹಾಗೆ. ಚಿತ್ರ ಒಳಗಾದರೆ ಬಣ್ಣ ಒತ್ತಿಕೊಂಡು ಹಕ್ಕಳೆ ಏಳುತ್ತದೆ. ಮೇಲೆ ಗಂಜಿ ತೆಗೆದು ತೊಳೆದ ಬಿಳಿ ಹತ್ತಿಬಟ್ಟೆಯ ಹೊದಿಕೆ, ಅಗಲವಾದ ಪಟ್ಟಿಯ ಕಟ್ಟು. ತೆರೆದಿಟ್ಟಾಗ ಬೆಳಕು 50 ಲಕ್ಸ್ ಮೀರಬಾರದು, ಅಂದರೆ ನಮ್ಮ ದೇವರ ಕೋಣೆಯ ಮಬ್ಬಿನಷ್ಟು. ಆ ಮ್ಯೂಸಿಯಮ್ಮಿನಲ್ಲಿ ವರ್ಷಕ್ಕೊಮ್ಮೆ ಗೋಡೆಯ ಮೇಲಿನ ಬ್ಯಾನರುಗಳನ್ನು ಬದಲಿಸುತ್ತಾರೆ. ಒಂದು ವರ್ಷ ಬೆಳಕು ಕಂಡದ್ದು ಮತ್ತೆ ಕತ್ತಲಿಗೆ ಹೋಗಿ ಮಲಗುತ್ತದೆ.

‘ಅಷ್ಟೇ ತಾನೆ?’ ಎಂದಳು ಅವ್ವ, ಇದನ್ನೆಲ್ಲ ಹೇಳಿದಾಗ. ಅವಳ ಮದುವೆಯ ಸೀರೆ ಪೆಟ್ಟಿಗೆಯ ತಳದಲ್ಲಿ ಹಳೆ ಪಂಚೆಯಲ್ಲಿ ಸುತ್ತಿಕೊಂಡು ಕೂತಿದೆ. ಪಕ್ಕದಲ್ಲಿ ಲಾವಂಚದ ಬೇರು, ಒಣಗಿದ ಬೇವು. ಜರಿ ಕಪ್ಪಾಗುತ್ತದೆಂದು ನುಸಿಗುಳಿಗೆ ಹಾಕುವುದಿಲ್ಲ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಸೀರೆ ಹೊರಗೆ ಬರುತ್ತದೆ, ನೆರಳಿನಲ್ಲಿ ಗಾಳಿ ಕುಡಿಯುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಒಳಗೆ ಹೋಗುವಾಗ ಮಡಿಕೆ ಬದಲು. ‘ಹಾದ ಮಡಿಕೇಲೇ ಮತ್ತೆ ಮಡಿಚಿದ್ರೆ ಅಲ್ಲೇ ಕಡೀತತಿ’ ಎನ್ನುತ್ತಾಳೆ. ಈ ಮಾತನ್ನು ಅವಳಿಗೆ ಅವಳ ಅತ್ತೆ ಹೇಳಿದ್ದಂತೆ. ಮ್ಯಾಂಚೆಸ್ಟರಿನ ಆ ಕೋಣೆಯವರು ಕೇಳಿದ್ದರೆ ಬರೆದುಕೊಳ್ಳುತ್ತಿದ್ದರೇನೋ.

ಸೀರೆಯನ್ನು ಹಾಗೆ ಕಾದವಳು ಬ್ಯಾನರಿಗೆ ಕತ್ತರಿ ಹಾಕಿದಳು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಬ್ಯಾನರನ್ನು ಕಾಯಬೇಕು ಎಂದು ನಮಗೆ ಯಾರಿಗಾದರೂ ಯಾವಾಗ ಅನ್ನಿಸಿತು? ಕಾಯಬೇಕು ಅನ್ನಿಸಿದ ಬಾವುಟಗಳು ನಮ್ಮಲ್ಲೂ ಇವೆ. ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಮ್ಮಿನಲ್ಲಿ 1947ರ ಆಗಸ್ಟ್ 15ರ ಬೆಳಗಿನ ಜಾವ ಆ ಕೋಟೆಯ ಮೇಲೆ ಏರಿದ ರಾಷ್ಟ್ರಧ್ವಜವೇ ಇದೆ. ರೇಷ್ಮೆಯದು, 12 ಅಡಿ ಉದ್ದ, 8 ಅಡಿ ಅಗಲ. ತೇವ ಹೀರುವ ಸಿಲಿಕಾ ಹರಳುಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿ, ಮಂದ ಬೆಳಕಿನಲ್ಲಿ ಮಲಗಿಸಿದ್ದಾರೆ. ಹಾಗೆಂದು ಎಲ್ಲ ರಾಷ್ಟ್ರಧ್ವಜವನ್ನೂ ಕಾಯುವಂತಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಂಗಸರು ಎಳೆ ಎಣಿಸಿ, ಹೊಲಿಗೆ ಎಣಿಸಿ ಖಾದಿಯ ಧ್ವಜ ಹೊಲಿಯುತ್ತಾರಲ್ಲ, ಅದು ಕಂಬದ ಮೇಲೆ ಹಾರಿ ಹಾರಿ ಅಂಚು ಹರಿದ ಮೇಲೆ ಏನು ಮಾಡಬೇಕೆಂದು ಧ್ವಜಸಂಹಿತೆಯೇ ಹೇಳುತ್ತದೆ: ಯಾರೂ ಕಾಣದಂತೆ, ಇಡಿಯಾಗಿ, ಗೌರವದಿಂದ ಇಲ್ಲವಾಗಿಸಬೇಕು, ಸುಟ್ಟರೆ ಒಳ್ಳೆಯದು. ಮನುಷ್ಯನಿಗೆ ಮಾಡಿದ ಹಾಗೆ.

ಇನ್ನೊಂದು ರೀತಿ ನಾಯಕನಹಟ್ಟಿಯದು. ದಾವಣಗೆರೆ ಜಿಲ್ಲೆಯಾಗುವ ಮೊದಲು, ಅಂದರೆ 1997ಕ್ಕೆ ಮುಂಚೆ, ನಾವೂ ಅವರೂ ಒಂದೇ ಚಿತ್ರದುರ್ಗ ಜಿಲ್ಲೆಯವರು. ಅಲ್ಲಿನ ಗುರು ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರಿಗೆ ಮೊದಲು ಮುಕ್ತಿ ಬಾವುಟದ ಹರಾಜು. ಕೂಗು ಲಕ್ಷಗಳಲ್ಲಿ ಏರುತ್ತದೆ. ಕೆಲವು ವರ್ಷ ಐವತ್ತು ಲಕ್ಷವನ್ನೂ ದಾಟಿದ್ದುಂಟು. ಹರಾಜು ಮುಗಿಯದೆ ತೇರು ಕದಲುವುದಿಲ್ಲ. ಬಿಸಿಲಲ್ಲಿ ನಿಂತ ಲಕ್ಷಾಂತರ ಜನ ಒಂದು ಬಟ್ಟೆಯ ಬೆಲೆ ಏರುವುದನ್ನು ಉಸಿರು ಬಿಗಿಹಿಡಿದು ಕೇಳುತ್ತಾರೆ. ಬಟ್ಟೆಯ ಲೆಕ್ಕದಲ್ಲಿ ನೋಡಿದರೆ ಅದು ಕೆಲವು ಮಾರು ಅರಿವೆ. ಮ್ಯಾಂಚೆಸ್ಟರಿನ ಆ ಬ್ಯಾನರುಗಳಲ್ಲಿ ಯಾವುದಕ್ಕಾದರೂ ಅಷ್ಟು ಬೆಲೆ ಕೊಡುವವರು ಇದ್ದಾರೋ ಇಲ್ಲವೋ. ಮುಕ್ತಿ ಬಾವುಟ ಪಡೆದವರ ಮನೆಯಲ್ಲಿ ಲಕ್ಸಿನ ಲೆಕ್ಕ ಇರಲಾರದು. ಅರಿಸಿನ ಕುಂಕುಮ, ಎಣ್ಣೆದೀಪ, ಊದಿನಕಡ್ಡಿಯ ಹೊಗೆ ಇರುತ್ತವೆ. ಬಟ್ಟೆ ಉಳಿಸುವವರು ಯಾವುದನ್ನೆಲ್ಲ ಬೇಡ ಎನ್ನುತ್ತಾರೋ ಆ ಅಷ್ಟೂ ಇರುತ್ತವೆ.

ಕೌದಿಯ ಕೆಂಪು ತುಂಡಿಗೆ ತಿರುಗಿ ಬರುತ್ತೇನೆ, ಏಕೆಂದರೆ ಅದು ನನ್ನನ್ನು ಬಿಟ್ಟಿಲ್ಲ. ಬಾವುಟ ಬಾವುಟವಾಗುವುದು ಗಾಳಿಯಲ್ಲಿ. ಆ ಗಾಳಿಯೇ ಅದನ್ನು ಎಳೆ ಎಳೆಯಾಗಿ ಬಿಚ್ಚುತ್ತದೆ. ಉಳಿಸಬೇಕೆಂದರೆ ಗಾಳಿಯಿಂದ ಬಿಡಿಸಬೇಕು, ಮಲಗಿಸಬೇಕು, ಕತ್ತಲು ಮಾಡಬೇಕು. ಉಳಿದದ್ದು ಮತ್ತೆ ಯಾವತ್ತೂ ಹಾರುವುದಿಲ್ಲ. ಹಾಗಿದ್ದರೆ ಉಳಿದದ್ದು ಏನು? ಮ್ಯಾಂಚೆಸ್ಟರಿನ ಕತ್ತಲಲ್ಲಿ ಕೊಳವೆಗೆ ಸುತ್ತಿಕೊಂಡ ರೇಷ್ಮೆ ಬ್ಯಾನರಿಗೂ ಅವ್ವನ ಕೌದಿಯ ಹೊಟ್ಟೆಯಲ್ಲಿರುವ ಕೆಂಪು ತುಂಡಿಗೂ ಆ ಮಟ್ಟಿಗೆ ಹೆಚ್ಚು ಅಂತರ ಕಾಣೆ. ಎರಡಕ್ಕೂ ಕತ್ತಲು, ಎರಡಕ್ಕೂ ಹತ್ತಿಯ ಹೊದಿಕೆ. ನಮ್ಮದಕ್ಕೆ ಹೆಚ್ಚಿಗೆ ಸಿಕ್ಕಿದ್ದು ಮನುಷ್ಯರ ಮೈಯ ಬಿಸಿ.

ಬಿಚ್ಚಿ ನೋಡಬಹುದಿತ್ತು. ಬಿಸಿಲಲ್ಲಿ ಕೌದಿ ಒಣಗುವಾಗ ಬ್ಲೇಡು ಹುಡುಕಿದ್ದೂ ಉಂಟು. ಹೊಲಿಗೆ ಬಿಡಿಸಿದರೆ ಇನ್ನೊಂದು ಮೂಲೆಯಲ್ಲಿ ‘ಕಾ’ ಸಿಗಬಹುದು, ಅಥವಾ ‘ಧಾ’. ಅದರ ಕೆಳಗೊಂದು ಊರಿನ ಹೆಸರು, ಇಸವಿ. ಅಷ್ಟಾದರೆ ದಾವಣಗೆರೆಯ ಮಿಲ್ ಕಾಲದ ಒಂದು ಬ್ಯಾನರು ಕೈಗೆ ಬಂದ ಹಾಗೆ, ಅರ್ಧವಾದರೂ. ಆದರೆ ಬ್ಲೇಡು ಹಿಡಿದು ನೋಡಿದಾಗ ಕಂಡದ್ದು ಹೊಲಿಗೆ. ಬೆರಳ ತುದಿಯಷ್ಟು ದೂರಕ್ಕೆ ಒಂದರಂತೆ, ಅಂಚಿನಿಂದ ಶುರುವಾಗಿ ನಡುವಿನ ಚೌಕದವರೆಗೆ ಸುತ್ತಿ ಸುತ್ತಿ ಬಂದ ಸಾಲು. ಎಲ್ಲೋ ಒಂದು ಕಡೆ ದಾರ ಮುಗಿದು ಬೇರೆ ಬಣ್ಣದ ದಾರ ಹಿಡಿದಿದೆ. ಇನ್ನೊಂದು ಕಡೆ ಸಾಲು ಸೊಟ್ಟಗಾಗಿದೆ. ಆ ಸಂಜೆ ಕರೆಂಟ್ ಹೋಗಿತ್ತೋ, ನಾನೇ ಅತ್ತು ಎಬ್ಬಿಸಿದ್ದೆನೋ. ಹಳೆಯ ಬಟ್ಟೆ ಉಳಿಸುವವರಲ್ಲಿ ಒಂದು ನಿಯಮ ಇದೆ: ಮತ್ತೆ ಹಿಂದಿನಂತೆ ಮಾಡಲಾಗದ ಕೆಲಸಕ್ಕೆ ಕೈ ಹಾಕಬೇಡ. ಬ್ಯಾನರು ಬೇಕೆಂದರೆ ಕೌದಿ ಹೋಗುತ್ತದೆ. ಕೌದಿಗೆ ಯಾವ ಮ್ಯೂಸಿಯಂ?

ಈಗ ಬಟ್ಟೆಯ ಬ್ಯಾನರು ಬರೆಯುವವರು ಎಲ್ಲಿದ್ದಾರೆ? ಪಿ.ಬಿ. ರಸ್ತೆಯ ಉದ್ದಕ್ಕೂ ಫ್ಲೆಕ್ಸು. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಬಂದಿದೆ ಎಂದರೆ ಅದರ ಮೇಲಿನ ನಗುಮುಖಗಳು ಇನ್ನಷ್ಟು ನಗುತ್ತವೆ. ಅದು ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ಅದಕ್ಕೆ ಕೊಳವೆಯೂ ಬೇಡ ಕತ್ತಲೂ ಬೇಡ. ಅದರಿಂದ ಕೌದಿ ಹೊಲಿಯಲಾಗದು ಅಷ್ಟೇ. ದನದ ಕೊಟ್ಟಿಗೆಯ ಮೇಲೆ, ಮೆಕ್ಕೆಜೋಳದ ರಾಶಿಯ ಮೇಲೆ ಹಾಸುತ್ತಾರೆ. ಹಳೆಯ ಶುಭಾಶಯಗಳು ಅಲ್ಲಿ ಮಳೆಯಲ್ಲಿ ನೆನೆಯುತ್ತ ಬಿದ್ದಿರುತ್ತವೆ.

ಸಂಜೆ ಮಾಳಿಗೆಗೆ ಹೋದಾಗ ಕೌದಿ ಒಣಗಿತ್ತು. ಅವ್ವ ಮೇಲೆ ಬರುವಾಗ ಸೂಜಿದಾರ ತಂದಿದ್ದಳು. ಹಿಸಿದ ತೇಪೆಯ ಮೇಲೆ ಅವಳ ಹಳೆಯ ಹಸಿರು ಸೀರೆಯ ಒಂದು ತುಂಡು ಇಟ್ಟು, ಕಣ್ಣು ಕಿರಿದು ಮಾಡಿ ಸೂಜಿಯ ಕಿವಿಗೆ ದಾರ ಹಾಕಲು ನೋಡಿದಳು. ಮೂರು ಸಲ ತಪ್ಪಿತು. ನಾನು ಪೋಣಿಸಿ ಕೊಟ್ಟೆ.

‘ಓದಿದ್ಯಾ, ಏನೈತಿ ಅಂತ?’

‘ಒಂದೇ ಅಕ್ಷರ ಐತಿ ಅವ್ವಾ. ಗೊತ್ತಾಗಲ್ಲ.’

‘ನಿಮ್ ದೊಡ್ಡಪ್ಪನ್ನ ಕೇಳ್ಬೇಕಿತ್ತು’ ಎಂದಳು. ಅರ್ಕಾವೊತ್ತಿನ ಮೇಲೆ ಹಸಿರು ತುಂಡು ಕೂತಿತು. ನಾಲ್ಕೂ ಬದಿ ಹೊಲಿದು, ಹಲ್ಲಿನಲ್ಲಿ ದಾರ ಕಡಿದು ಎದ್ದಳು. ಇಬ್ಬರೂ ಎರಡು ತುದಿ ಹಿಡಿದೆವು. ನಾನು ರೂಢಿಯಂತೆ ಉದ್ದಕ್ಕೆ ಮಡಿಚಲು ಹೋದೆ.

‘ಹೋದ್ ವರ್ಷ ಹಂಗೇ ಮಡಿಚಿದ್ವಿ. ಈ ಸಲ ಅಡ್ಡ ಮಡಿಚು.’